ಮೊದಲು ಹಲ್ಲು ನೋಡಿ, ಹೆಸರು ಆಮೇಲೆ
ಸಸ್ತನಿಗಳ ರಸಿಕರಿಗೊಂದು ಕೈಪಿಡಿ

ದನದ ಸಂತೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ಅದರ ತುಟಿ ಬಿಡಿಸುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ನೋಡಿ ವಯಸ್ಸು ಹೇಳುತ್ತಾನೆ. ಲಕ್ಷ್ಮೇಶ್ವರದ ಸೀಮೆಯಲ್ಲಿ ಸಸ್ತನಿಗಳನ್ನು ಅರಿಯ ಹೊರಟವರಿಗೆ ಅವನೇ ಮೊದಲ ಗುರು.

ಕುಲದ ಗುರುತು ಎರಡು: ಮೈಗೆ ಕೂದಲು, ಮರಿಗೆ ಹಾಲು. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತೂ ಹಾರುತ್ತದೆ, ಸಂಜೆಯ ಬಾವಲಿಯೂ ಹಾರುತ್ತದೆ. ಹೆಬ್ಬಾತಿಗೆ ಗರಿ, ಬಾವಲಿಗೆ ರೋಮ. ಬಾವಲಿಯ ರೆಕ್ಕೆಯೆಂದರೆ ನೀಳ ಬೆರಳುಗಳ ನಡುವೆ ಬಿಗಿದ ತೊಗಲು. ಅದು ಮರಿಗೆ ಮೊಲೆಯೂಡಿಸುತ್ತದೆ. ಕಣ್ಣಿಗೆ ಕಾಣದ ಗುರುತೂ ಒಂದುಂಟು. ಸಸ್ತನಿಯ ಕಿವಿಯೊಳಗೆ ಮೂರು ಪುಟ್ಟ ಎಲುಬುಗಳಿವೆ. ಅವುಗಳಲ್ಲಿ ಎರಡು, ಪೂರ್ವಜರಲ್ಲಿ ದವಡೆಯ ಎಲುಬುಗಳಾಗಿದ್ದವು.

ಇನ್ನು ಬಾಯಿ. ಎತ್ತಿಗೆ ಮೇಲ್ದವಡೆಯ ಮುಂದಿನ ಹಲ್ಲುಗಳೇ ಇಲ್ಲ. ಗಟ್ಟಿ ಒಸಡಿಗೆ ಮೇವನ್ನು ಒತ್ತಿ ಕೀಳುತ್ತದೆ. ಕುರಿ, ಚಿಗರಿ, ಕೊಂಡುಕುರಿಗಳೂ ಹಾಗೆಯೇ. ಇವೆಲ್ಲ ಸೀಳುಗೊರಸಿನ ಒಂದೇ ಬಳಗ. ತೋಳಕ್ಕೆ ಹಿಡಿಯಲು ಕೋರೆ, ಕೊಯ್ಯಲು ಕತ್ತರಿಯಂಥ ದವಡೆಹಲ್ಲು. ಇಲಿಯ ಬಾಚಿಹಲ್ಲು ಜೀವವಿಡೀ ಬೆಳೆಯುತ್ತದೆ.

ಹೆಸರು ನಂಬಿದರೆ ದಾರಿ ತಪ್ಪುತ್ತೀರಿ. ಮುಳ್ಳುಹಂದಿ ಹಂದಿಯಲ್ಲ, ಇಲಿಯ ಬಳಗದ್ದು. ಸುಂಡಿಲಿ ಇಲಿಯಲ್ಲ, ಹುಳು ತಿನ್ನುವ ಚೂಪು ಹಲ್ಲಿನ ಬೇರೆಯೇ ಗುಂಪು. ಚಿಪ್ಪುಹಂದಿಗೆ ಹಲ್ಲೇ ಇಲ್ಲ. ಅದರ ಚಿಪ್ಪು ನಮ್ಮ ಉಗುರಿನ ವಸ್ತುವಿನಿಂದಲೇ ಆದದ್ದು. ನಾಯಿಯಂತೆ ಕಾಣುವ ಕತ್ತೆಕಿರುಬ ಬೆಕ್ಕು, ಮುಂಗುಸಿಗಳಿಗೆ ಹತ್ತಿರದ ನೆಂಟ.

ಜಗತ್ತಿನ ಸಸ್ತನಿಗಳಲ್ಲಿ ಮೂರು ದೊಡ್ಡ ಮನೆತನಗಳು. ಆಸ್ಟ್ರೇಲಿಯಾ, ನ್ಯೂಗಿನಿಯ ಪ್ಲಾಟಿಪಸ್, ಎಕಿಡ್ನಾಗಳು ಮೊಟ್ಟೆಯಿಡುತ್ತವೆ. ಮೊಲೆತೊಟ್ಟಿಲ್ಲದೆ ಚರ್ಮದಿಂದಲೇ ಹಾಲು ಜಿನುಗಿಸುತ್ತವೆ. ಕಾಂಗರೂ ಬಳಗ ಎಳೆಗೂಸನ್ನು ಹೆತ್ತು ಚೀಲದಲ್ಲಿ ಬೆಳೆಸುತ್ತದೆ. ಮೂರನೆಯವು ಮಾಸಿನ ಮೂಲಕ ಗರ್ಭದಲ್ಲೇ ಮರಿಯನ್ನು ಪೂರ್ತಿ ಸಾಕುತ್ತವೆ. ಎಮ್ಮೆ ಈದಾಗ ಮಾಸು ಬೀಳುವವರೆಗೂ ಕಾದು ಕೂರುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನಮ್ಮ ದೇಶದ ಸಸ್ತನಿಗಳೆಲ್ಲ ಈ ಮನೆತನದವೇ.

2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡದಲ್ಲಿ ತೋಳ, ಕತ್ತೆಕಿರುಬ, ಚಿರತೆ, ಕೊಂಡುಕುರಿಗಳಿವೆ. ಅಲ್ಲಿ ಹಲ್ಲು ಕಾಣದು, ಹೆಜ್ಜೆ ಓದಬೇಕು. ಉಗುರಿನ ಗುರುತಿದ್ದರೆ ತೋಳವಿರಬಹುದು. ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಂಡಿರುತ್ತದೆ. ಬೆಳ್ಳಗೆ ಒಣಗಿದ ಲದ್ದಿ ಕಂಡರೆ ಎಲುಬು ಅಗಿಯುವ ಕತ್ತೆಕಿರುಬವನ್ನು ನೆನೆಯಿರಿ.

ಆದರೆ ಗುಡ್ಡಕ್ಕೆ ಹೋಗುವ ಮುನ್ನ ನಿಮ್ಮ ಕೊಟ್ಟಿಗೆಯ ಎಮ್ಮೆಯ ಬಾಯಿ ನೋಡಿ. ಅದನ್ನು ಹತ್ತಿರದಿಂದ ನೋಡಿ ಕಲಿಯಿರಿ. ಗುಡ್ಡದ ಜೀವಗಳನ್ನು ಮಾತ್ರ ದೂರದಿಂದಲೇ ನೋಡಿ ಬನ್ನಿ.