ಕಿರಣಕ್ಕೊಂದು ಎಲ್ಲೆ

ಬಾಗಲಕೋಟೆಯ ಸುತ್ತಣ ಬಾದಾಮಿ, ಹುನಗುಂದ, ಇಳಕಲ್ಲುಗಳ ಮನೆಗಳಲ್ಲಿ ಹುಟ್ಟಲಿರುವ ಕೂಸಿಗಾಗಿ ಗುಳೇದಗುಡ್ಡದ ಖಣದಿಂದ ಕುಲಾಯಿ ಹೊಲಿದಿಟ್ಟು ಕಾಯುವ ಅಜ್ಜಿಯರಿಗೆ, 37 ವಾರ ತುಂಬುವ ಮುನ್ನವೇ ಜನಿಸಿದ ಶಿಶುವನ್ನು ಗಾಜಿನ ಪೆಟ್ಟಿಗೆಯಲ್ಲಿರಿಸಿ ಮೇಲಿಂದ ಮೇಲೆ ‘ಫೋಟೋ’ ತೆಗೆಯುತ್ತಿರುವರೆಂಬ ಸುದ್ದಿ ದಿಗಿಲು ತರುವುದು ಸಹಜ. ಆ ದಿಗಿಲನ್ನು ಅಜ್ಞಾನವೆಂದು ತಳ್ಳದೆ, ಎಕ್ಸರೇ ತೆಗೆಯುವ ಆ ಪದ್ಧತಿಯ ಗುಣದೋಷಗಳನ್ನು ತೂಗಿ ನೋಡುವುದು ಯುಕ್ತ.

ಶಿಶುವಿನ ಎದೆಯ ಒಂದು ಎಕ್ಸರೇಯಿಂದ ತಗಲುವ ವಿಕಿರಣ ಸುಮಾರು 0.02 ಮಿಲಿಸೀವರ್ಟ್; ನೆಲ, ಗಾಳಿ, ಆಕಾಶಗಳಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಾನಾಗಿಯೇ ಸಲ್ಲುತ್ತಿರುವುದರಿಂದ, ಅದು ಮೂರು ದಿನಗಳ ಸಹಜ ವಿಕಿರಣಕ್ಕೆ ಸಮವೆನ್ನಬಹುದು. ಪುಪ್ಪುಸಗಳು ಅರಳದೆ ಉಸಿರಿಗಾಗಿ ಒದ್ದಾಡುವ ಕೂಸಿನ ಶ್ವಾಸನಾಳದಲ್ಲಿಟ್ಟ ಕೊಳವೆ ಒಂದು ಸೆಂಟಿಮೀಟರ್ ಜಾರಿದರೂ ಅಪಾಯವಿರುವಾಗ, ಅದನ್ನು ಕಾಣಿಸುವ ಚಿತ್ರವನ್ನು ಬೇಡವೆನ್ನುವುದು ವಿವೇಕವಲ್ಲ.

ಆದರೆ ಅಲ್ಪವಾದುದನ್ನು ಅಲಕ್ಷಿಸಬಹುದೆಂಬ ನಿಯಮವಿಲ್ಲ. ಗರ್ಭಿಣಿಯರ ಹೊಟ್ಟೆಯ ಎಕ್ಸರೇಗೂ ಮಕ್ಕಳ ಕ್ಯಾನ್ಸರಿಗೂ ಸಂಬಂಧವುಂಟೆಂದು 1950ರ ದಶಕದಲ್ಲಿ ಆಕ್ಸ್‌ಫರ್ಡಿನ ವೈದ್ಯೆ ಆಲಿಸ್ ಸ್ಟೂವರ್ಟ್ ತೋರಿಸಿಕೊಟ್ಟರು. ಅಕಾಲಜಾತ ಶಿಶುವಾದರೋ ಗರ್ಭದಲ್ಲಿ ಕಳೆಯಬೇಕಾಗಿದ್ದ ದಿನಗಳನ್ನೇ ಪೆಟ್ಟಿಗೆಯಲ್ಲಿ ಕಳೆಯುತ್ತಿರುವುದು. ಅದರ ಜೀವಕೋಶಗಳು ಶೀಘ್ರವಾಗಿ ವಿಭಜನೆಗೊಳ್ಳುತ್ತಿರುವುವು, ಮುಂದೆ ಬಾಳಬೇಕಾದ ಆಯುಷ್ಯವೂ ದೀರ್ಘ.

ಆದುದರಿಂದ ಆಕ್ಷೇಪವು ಯಂತ್ರದ ಮೇಲಲ್ಲ, ಅದರ ಅಸಂಯತ ಬಳಕೆಯ ಮೇಲೆ. ಹೊಕ್ಕುಳಿನಿಂದ ಸಾಗಿಸಿದ ನಳಿಕೆಯ ತುದಿಯನ್ನರಿಯಲು ಎದೆ ಹೊಟ್ಟೆಗಳೆರಡನ್ನೂ ಒಂದೇ ಚಿತ್ರದಲ್ಲಿ ತೆಗೆಯುವುದು ಸಮಂಜಸ; ಬರಿಯ ಎದೆಯನ್ನು ನೋಡಬೇಕಾದಲ್ಲಿ ತಲೆಯಿಂದ ತೊಡೆಯವರೆಗೆ, ಹಿಡಿದ ದಾದಿಯ ಬೆರಳೂ ಸೇರಿ, ಕಿರಣ ಹರಿಯುವುದು ಅಕ್ಷಮ್ಯ. ಯಂತ್ರದ ಬೆಳಕಿನ ಚೌಕವನ್ನು ಎದೆಯಷ್ಟಕ್ಕೆ ಕಿರಿದುಗೊಳಿಸಲು ಹಣ ಬೇಡ, ಅರೆನಿಮಿಷ ಸಾಕು. ಕತ್ತು ಬಾಗಿದರೆ ಕೊಳವೆಯ ತುದಿ ಸರಿಯುವುದರಿಂದ, ಕೂಸನ್ನು ನೆಟ್ಟಗೆ ಮಲಗಿಸಿದರೆ ಎರಡನೆಯ ಚಿತ್ರದ ಅಗತ್ಯವೇ ತಪ್ಪೀತು. ಪುಪ್ಪುಸದ ಅನೇಕ ದೋಷಗಳನ್ನು ಇಂದು ವಿಕಿರಣವಿಲ್ಲದ ಸೋನೋಗ್ರಫಿಯೂ ತೋರಿಸಬಲ್ಲುದು.

2002ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಬಾಗಲಕೋಟೆಯಲ್ಲಿ ವೈದ್ಯಕೀಯ ಕಾಲೇಜನ್ನು ತೆರೆದಂದಿನಿಂದ ಈ ವಿದ್ಯೆ ನಮ್ಮ ಬಾಗಿಲಿಗೇ ಬಂದಿದೆ. ವಿದ್ಯೆಯೊಡನೆ ಸಂಯಮವನ್ನೂ ಕಲಿಸುವುದು ಇಂಥ ಎಲ್ಲ ಕಾಲೇಜುಗಳ ಹೊಣೆ. ಕೂಸನ್ನು ಮನೆಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ ತೂಕ, ಔಷಧಿಗಳ ಜೊತೆಗೆ ತೆಗೆದ ಚಿತ್ರಗಳ ಸಂಖ್ಯೆಯನ್ನೂ ಬರೆಯಲಿ. ತಾಯಂದಿರು ಅದನ್ನು ಸಂಕೋಚವಿಲ್ಲದೆ ಕೇಳಲಿ.