ಆಚೆ ದಡದಲ್ಲಿ ಒಂದೇ ಸಂಕ

ನಮ್ಮ ಮನೆಯಿಂದ ಕೊಕ್ಕರ್ಣೆ ಪೇಟೆಗೆ ಹೋಗುವ ಒಳದಾರಿಯಲ್ಲಿ ಒಂದು ತೋಡು. ತೋಡಿಗೆ ಅಡಿಕೆಮರದ ಸಂಕ. ನಾಲ್ಕು ಮರ ಜೋಡಿಸಿ ಬಿಗಿದದ್ದು, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರಿನ ಗಳ. ಎಪ್ಪತ್ತು ಮಳೆಗಾಲ ಕಂಡ ಅಪ್ಪಯ್ಯ ಇಂಥ ಸಂಕಗಳನ್ನು ಕತ್ತಲಲ್ಲೂ ದಾಟಿದವರು. ಅಂಥವರು ಒಂದು ಬೆಳಿಗ್ಗೆ ಸಂಕದ ತುದಿಯಲ್ಲಿ ನಿಂತುಬಿಟ್ಟರು.

“ಮಾಣಿ, ಆಚಿ ಬದಿಯಂಗೆ ಸಂಕ ಎರಡ್ ಕಾಂತಲ್ಲಾ. ಕಾಲ್ ಯಾವ್ದರ್ ಮೇಲ್ ಇಡೂದ್?”

ಕಾಲಬುಡದಲ್ಲಿ ಸಂಕ ಒಂದೇ. ನಡುವಿಗೆ ಬರುವಾಗ ಮಸುಕಾಗಿ ಅಗಲವಾಗುತ್ತದೆ. ಆಚೆ ದಡ ಮುಟ್ಟುವಾಗ ಕವೆಕೋಲಿನ ಹಾಗೆ ಎರಡಾಗಿ ಒಡೆಯುತ್ತದೆ. ಎಡಗಣ್ಣು ಮುಚ್ಚಿದರೆ ಒಂದು, ಬಲಗಣ್ಣು ಮುಚ್ಚಿದರೂ ಒಂದು, ಎರಡೂ ತೆರೆದರೆ ಎರಡು. ಪೇಪರ್ ಓದಲು ತೊಂದರೆಯಿಲ್ಲ, ಆದರೆ ಅಂಗಳದ ತುಳಸಿಕಟ್ಟೆ ಎರಡು. ಬ್ರಹ್ಮಾವರದಿಂದ ಬರುವ ಬಸ್ಸಿನ ಪಕ್ಕದಲ್ಲೇ ಇನ್ನೊಂದು ಬಸ್ಸು, ಅದಕ್ಕೂ ಅದೇ ಬೋರ್ಡು. ಅವತ್ತೇ ಅವರನ್ನು ಕೈಹಿಡಿದು ಉಡುಪಿಯ ಕಣ್ಣಾಸ್ಪತ್ರೆಗೆ ಕರೆದೊಯ್ದೆ. ಅಲ್ಲಿಂದ ಶುರುವಾದ ಒಂದು ವರ್ಷದ ಓಡಾಟದಲ್ಲಿ ನನ್ನ ಮನಸ್ಸು ಸೋತದ್ದು ಒಂದು ವಸ್ತುವಿಗೆ. ಅದು ಪ್ರಿಸಂ ಕನ್ನಡಕ. ಅದರ ಚೆಲುವನ್ನು ನಾಲ್ಕು ಜನರಿಗೆ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಕನ್ನಡದಲ್ಲಿ ನೋಟದ ಮಾತು ಬಂದಾಗ ಹೆಚ್ಚಾಗಿ ಕಣ್ಣು ಒಂದೇ. ಕಣ್ಣಾರೆ ಕಂಡೆ, ಕಣ್ಣಿಟ್ಟು ನೋಡಿದೆ, ಕಣ್ಣು ಹಾಯಿಸಿದೆ, ಕಣ್ಣು ತುಂಬಿ ಬಂತು. ಮುಖದಲ್ಲಿ ಎರಡಿವೆ ಎಂಬುದು ಮಾತಿಗೆ ನೆನಪಾಗುವುದು ಅಪರೂಪ. ಹಾಗೆ ಮರೆಯುವಷ್ಟು ಚೆನ್ನಾಗಿ ಅವು ಕೂಡಿ ದುಡಿಯುತ್ತವೆ. ಒಂದೊಂದು ಕಣ್ಣಿಗೆ ಆರಾರು ಸ್ನಾಯು, ಒಟ್ಟು ಹನ್ನೆರಡು. ಅವುಗಳನ್ನು ಆಡಿಸಲು ಮಿದುಳಿನಿಂದ ಎರಡೂ ಬದಿಗೆ ಮೂರು ಮೂರು ನರ. ಒಂದೇ ನೊಗಕ್ಕೆ ಕಟ್ಟಿದ ಜೋಡಿ ಕೋಣಗಳ ಹಾಗೆ ಎರಡು ಕಣ್ಣುಗಳು ಒಂದೇ ಗುರಿಯತ್ತ ಹೋಗಬೇಕು. ಹೋದರೆ ಎರಡು ಚಿತ್ರಗಳನ್ನು ಮಿದುಳು ಒಂದರ ಮೇಲೊಂದು ಕೂರಿಸಿ ಆಳ, ದೂರ, ದಪ್ಪ ಎಲ್ಲವನ್ನೂ ತಿಳಿಸುತ್ತದೆ. ಒಂದು ಕಣ್ಣು ಕೊಂಚ ವಾಲಿದರೂ ಲೋಕ ಇಬ್ಭಾಗ.

ಅಪ್ಪಯ್ಯನ ಎಡಗಣ್ಣನ್ನು ಹೊರಕ್ಕೆ ಎಳೆಯುವ ಸ್ನಾಯುವಿನ ನರ ಸೋತಿತ್ತು. ಅದಕ್ಕೆ ಆರನೆಯ ನರ ಎನ್ನುತ್ತಾರೆ. ಹಳೆಯ ಸಕ್ಕರೆ ಕಾಯಿಲೆ ಆ ಸಪೂರ ನರಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳನ್ನು ಕೆಡಿಸಿತ್ತು. ಹೊರಕ್ಕೆ ಎಳೆಯುವವನ ಬಲ ಕಮ್ಮಿಯಾದಾಗ ಒಳಕ್ಕೆ ಎಳೆಯುವವನದೇ ಮೇಲುಗೈ, ಹಾಗಾಗಿ ಕಣ್ಣು ಮೂಗಿನತ್ತ ವಾಲಿತು. ಹತ್ತಿರದ್ದನ್ನು ನೋಡುವಾಗ ಕಣ್ಣುಗಳೆರಡೂ ಹೇಗೂ ಒಳಕ್ಕೆ ತಿರುಗಬೇಕು, ಅಲ್ಲಿ ಸೋತ ಸ್ನಾಯುವಿಗೆ ಕೆಲಸವಿಲ್ಲ. ದೂರಕ್ಕೆ ನೋಡುವಾಗಲೇ ಕಷ್ಟ. ಪೇಪರ್ ಒಂದಾಗಿಯೂ ಬಸ್ಸು ಎರಡಾಗಿಯೂ ಕಂಡದ್ದರ ಗುಟ್ಟು ಇದು. ಅವರು ತಮಗೇ ತಿಳಿಯದೆ ಒಂದು ಉಪಾಯವನ್ನೂ ಕಂಡುಕೊಂಡಿದ್ದರು. ಮುಖವನ್ನು ಎಡಕ್ಕೆ ತಿರುಗಿಸಿ, ನೋಟವನ್ನು ಬಲಕ್ಕೆ ಹಾಯಿಸಿದರೆ ಎರಡು ಒಂದಾಗುತ್ತಿತ್ತು. ಸೋತ ಕಣ್ಣಿನ ಸಲುವಾಗಿ ಕುತ್ತಿಗೆ ದುಡಿಯುತ್ತಿತ್ತು.

ನಾನು ಮೊದಲು ಮರುಳಾದದ್ದು ಪರೀಕ್ಷೆಯ ಕೋಣೆಯಲ್ಲಿ. ಪರೀಕ್ಷಿಸಿದ ಹುಡುಗಿ ಕೈಗೆತ್ತಿಕೊಂಡದ್ದು ಅಡಿಕೋಲಿನಂಥ ಒಂದು ಪಟ್ಟಿ. ಅದರಲ್ಲಿ ಒಂದರ ಮೇಲೊಂದರಂತೆ ಗಾಜಿನ ಬೆಣೆಗಳು, ಕೆಳಗಿಂದ ಮೇಲಕ್ಕೆ ದಪ್ಪವಾಗುತ್ತ ಹೋಗುವಂಥವು. ಅಪ್ಪಯ್ಯನಿಗೆ ಎದುರು ಗೋಡೆಯ ಒಂದು ಅಕ್ಷರ ನೋಡಲು ಹೇಳಿ, ಸಣ್ಣ ಕರಿ ತಟ್ಟೆಯಿಂದ ಒಂದು ಕಣ್ಣು ಮುಚ್ಚಿದಳು, ತಟ್ಟೆಯನ್ನು ಇನ್ನೊಂದು ಕಣ್ಣಿಗೆ ಸರಿಸಿದಳು. ಪ್ರತಿಸಲ ತೆರೆದುಕೊಂಡ ಕಣ್ಣು ಅಕ್ಷರವನ್ನು ಹಿಡಿಯಲು ಚಕ್ಕನೆ ಹೊರಕ್ಕೆ ಸರಿಯುತ್ತಿತ್ತು. ಅವಳು ಪಟ್ಟಿಯನ್ನು ಎಡಗಣ್ಣಿನ ಮುಂದೆ ಹಿಡಿದು ಒಂದೊಂದೇ ಬೆಣೆ ಏರಿಸುತ್ತ ಹೋದಳು. ಸರಿದಾಟ ಕಮ್ಮಿಯಾಗುತ್ತ ಬಂತು. ಒಂದು ಬೆಣೆಯ ಹತ್ತಿರ ನಿಂತೇಹೋಯಿತು. ತಟ್ಟೆ ಅತ್ತಿತ್ತ ಹೋದರೂ ಕಣ್ಣುಗಳು ಅಲುಗಲಿಲ್ಲ. ಗಾಳಿ ನಿಂತ ಮೇಲೆ ಕೆರೆಯ ನೀರು ಸುಮ್ಮನಾಗುವುದನ್ನು ನೋಡಿದ ಹಾಗಾಯಿತು. ಅವಳು ಬರೆದುಕೊಂಡಳು: 20.

ಆಮೇಲೆ ಒಂದು ಕಣ್ಣಿನ ಮುಂದೆ ಗೀರುಗೀರಾದ ಕೆಂಪು ಗಾಜು ಇಟ್ಟಳು. ಇಂಗ್ಲೆಂಡಿನ ವೈದ್ಯ ಮ್ಯಾಡಕ್ಸ್ ಹೆಸರಿನ ಗಾಜು ಅದು. ಅದರ ಮೂಲಕ ನೋಡಿದರೆ ದೀಪದ ಚುಕ್ಕೆ ಕೆಂಪು ಗೆರೆಯಾಗುತ್ತದೆ, ಇನ್ನೊಂದು ಕಣ್ಣಿಗೆ ಅದೇ ದೀಪ ಬಿಳಿ ಚುಕ್ಕೆ. ಗೆರೆ ಒಂದು ಕಡೆ, ಚುಕ್ಕೆ ಇನ್ನೊಂದು ಕಡೆ ಇದ್ದವು. ಪ್ರಿಸಂ ಇಟ್ಟಾಗ ಗೆರೆ ಮೆಲ್ಲಗೆ ಜರುಗಿ ಬಂದು ದೀಪದ ನಟ್ಟನಡುವೆ ನಿಂತಿತಂತೆ. ಅಪ್ಪಯ್ಯ ಅದನ್ನು ವರ್ಣಿಸಿದ್ದು ಎರಡು ಬೆರಳುಗಳನ್ನು ಒಂದರ ಮೇಲೊಂದು ಕೂರಿಸಿ ತೋರಿಸಿ.

ಪ್ರಿಸಂ ಎಂದರೆ ನಾವು ಶಾಲೆಯಲ್ಲಿ ಪಟ್ಟಕ ಎಂದೋ ಅಶ್ರಗ ಎಂದೋ ಓದಿದ್ದು. ನ್ಯೂಟನ್ ಅದರಿಂದ ಬಿಳಿ ಬೆಳಕಿನ ಒಳಗಿನ ಬಣ್ಣಗಳನ್ನು ಬಿಡಿಸಿ ತೋರಿಸಿದ ಕತೆ ಎಲ್ಲರಿಗೂ ಗೊತ್ತು. ಕನ್ನಡಕಕ್ಕೆ ಬೇಕಾದದ್ದು ಅದರ ಇನ್ನೊಂದು ಗುಣ. ಬೆಣೆಯ ಮೂಲಕ ಹಾಯುವ ಬೆಳಕು ದಪ್ಪ ಅಂಚಿನ ಕಡೆಗೆ ಬಾಗುತ್ತದೆ, ನೋಡುವವನಿಗೆ ವಸ್ತು ತೆಳು ಅಂಚಿನ ಕಡೆಗೆ ಸರಿದಂತೆ ಕಾಣುತ್ತದೆ. ಮೂಗಿನತ್ತ ವಾಲಿದ ಕಣ್ಣಿಗೆ ದಪ್ಪ ಅಂಚು ಕಿವಿಯ ಕಡೆ ಬರುವಂತೆ ಬೆಣೆ ಇಟ್ಟರೆ, ಕಾಣುವ ಲೋಕ ಮೂಗಿನ ಕಡೆಗೆ ಸರಿದು ಆ ಕಣ್ಣು ನೋಡುತ್ತಿರುವ ದಿಕ್ಕಿನಲ್ಲೇ ಬಂದು ನಿಲ್ಲುತ್ತದೆ. ಕಣ್ಣು ಹೊರಕ್ಕೆ ವಾಲಿದ್ದರೆ ದಪ್ಪ ಅಂಚು ಮೂಗಿನ ಕಡೆ. ಒಂದು ಕಣ್ಣು ಮೇಲೇರಿದ್ದರೆ ಆ ಕಣ್ಣಿಗೆ ದಪ್ಪ ಅಂಚು ಕೆಳಗೆ.

ಪ್ರಿಸಂ ಕನ್ನಡಕ ವಾಲಿದ ಕಣ್ಣನ್ನು ನೇರ ಮಾಡುವುದಿಲ್ಲ. ಹಾಕಿಕೊಂಡರೂ ಕಣ್ಣು ವಾಲಿಯೇ ಇರುತ್ತದೆ. ಸೋತ ಕಣ್ಣಿಗೆ ‘ನೆಟ್ಟಗೆ ನಿಲ್ಲು’ ಎಂದು ಅದು ಗದರುವುದಿಲ್ಲ. ಕಣ್ಣು ಎಲ್ಲಿದೆಯೋ ಅಲ್ಲಿಗೇ ಬೆಳಕನ್ನು ಕರೆದುಕೊಂಡು ಹೋಗುತ್ತದೆ. ನಡೆಯಲಾರದ ಹಿರಿಯರನ್ನು ಒಳಗಿನ ಪಂಕ್ತಿಗೆ ಎಬ್ಬಿಸದೆ ಅವರು ಕೂತ ಜಗಲಿಗೇ ಬಾಳೆಲೆ ಹಾಕಿ ಬಡಿಸುವ ಮನೆಗಳನ್ನು ನಾನು ನೋಡಿದ್ದೇನೆ. ಈ ಗಾಜಿನಲ್ಲಿ ಇರುವುದು ಆ ಮನೆಗಳ ಮರ್ಯಾದೆ.

ಈ ಮರ್ಯಾದೆಗೆ ಲೆಕ್ಕವೂ ಇದೆ. 1890ರಲ್ಲಿ ಅಮೆರಿಕದ ಚಾರ್ಲ್ಸ್ ಪ್ರೆಂಟಿಸ್ ಪ್ರಿಸಂಗಳಿಗೆ ಒಂದು ಅಳತೆ ಕೊಟ್ಟ. ಒಂದು ಮೀಟರ್ ದೂರದಲ್ಲಿ ಬೆಳಕನ್ನು ಒಂದು ಸೆಂಟಿಮೀಟರ್ ಸರಿಸಿದರೆ ಅದು 1 ಪ್ರಿಸಂ ಡಯಾಪ್ಟರ್. ಕೋನದ ಲೆಕ್ಕದಲ್ಲಿ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಸಾಮಾನ್ಯ ಕನ್ನಡಕದಲ್ಲೂ ಪ್ರಿಸಂ ಅಡಗಿದೆ ಎಂದು ತೋರಿಸಿದವನೂ ಅವನೇ. ಮಸೂರದ ನಡುಬಿಂದುವಿನಿಂದ ಆಚೀಚೆ ನೋಡಿದರೆ ಅದು ಬೆಣೆಯಂತೆ ವರ್ತಿಸುತ್ತದೆ. 4 ಡಯಾಪ್ಟರ್ ಪವರಿನ ಗಾಜಿನಲ್ಲಿ ಅರ್ಧ ಸೆಂಟಿಮೀಟರ್ ಆಚೆ ನೋಡಿದರೆ 2 ಪ್ರಿಸಂ ಡಯಾಪ್ಟರ್. ಕನ್ನಡಕದ ಅಂಗಡಿಯವರು ಎರಡು ಪಾಪೆಗಳ ನಡುವಿನ ದೂರವನ್ನು ಮಿಲಿಮೀಟರಿನಲ್ಲಿ ಅಳೆಯುವುದು ಇದಕ್ಕಾಗಿಯೇ.

ನರ ಚೇತರಿಸಿಕೊಳ್ಳುವ ಸಾಧ್ಯತೆ ಇತ್ತು. ಸಕ್ಕರೆ ಕಾಯಿಲೆಯಿಂದ ಸೋತ ಈ ನರ ಹೆಚ್ಚಿನವರಲ್ಲಿ ಕೆಲವೇ ತಿಂಗಳಲ್ಲಿ ಮರಳಿ ಬಲ ಪಡೆಯುತ್ತದೆ. ಬದಲಾಗುವ ಕಣ್ಣಿಗೆ ಬದಲಾಗದ ಗಾಜು ಮಾಡಿಸಬಾರದು. ಹಾಗಾಗಿ ಮೊದಲು ಕೊಟ್ಟದ್ದು ಅಂಟಿಸುವ ಪ್ರಿಸಂ. ಸುಮಾರು ಒಂದು ಮಿಲಿಮೀಟರ್ ದಪ್ಪದ ಮೆದು ಪ್ಲಾಸ್ಟಿಕ್ ಹಾಳೆ. ಕತ್ತರಿಯಲ್ಲಿ ಆಕಾರಕ್ಕೆ ಕತ್ತರಿಸಿ, ನೀರಿನಲ್ಲಿ ಒದ್ದೆಮಾಡಿ ಅವರ ಕನ್ನಡಕದ ಎಡಗಾಜಿನ ಒಳಮೈಗೆ ಒತ್ತಿದರು, ಕೂತುಕೊಂಡಿತು. 20 ಪ್ರಿಸಂ ಡಯಾಪ್ಟರಿನ ಗಟ್ಟಿ ಗಾಜು ಎಷ್ಟು ದಪ್ಪವಾಗಬೇಕಿತ್ತು! ಅದರ ಬದಲು ಗರಗಸದ ಹಲ್ಲುಗಳಂತೆ ಸಾಲಾಗಿ ಕೂತ ಸಣ್ಣ ಸಣ್ಣ ಬೆಣೆಗಳು. ಬೆಳಕನ್ನು ಬಗ್ಗಿಸುವುದು ಗಾಜಿನ ಇಳಿಜಾರು, ನಡುವಿನ ದಪ್ಪ ಬರೀ ಭಾರ. ಆ ಭಾರವನ್ನು ತೆಗೆದು ಇಳಿಜಾರನ್ನಷ್ಟೇ ಉಳಿಸಿಕೊಂಡದ್ದು ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್. 1820ರ ದಶಕದಲ್ಲಿ ಅವನು ಇದನ್ನು ಮಾಡಿದ್ದು ದೀಪಸ್ತಂಭಗಳಿಗಾಗಿ, ಹಡಗಿನವರ ಸಲುವಾಗಿ. 1901ರಿಂದ ನಮ್ಮ ಕಾಪುವಿನಲ್ಲಿ ನಿಂತಿರುವ ದೀಪಸ್ತಂಭವನ್ನು ನೋಡಿದಾಗೆಲ್ಲ ಈಗ ನನಗೆ ಅಪ್ಪಯ್ಯನ ಎಡಗಾಜು ನೆನಪಾಗುತ್ತದೆ. ಕಡಲಿನವರಿಗೆ ದಾರಿ ತೋರಿದ ವಿದ್ಯೆ ತೋಡಿನ ಸಂಕದವರೆಗೂ ಬಂತು.

ಹಾಳೆಗೆ ಕುಂದೂ ಇದೆ. ಗೀರುಗಳಿಂದಾಗಿ ನೋಟ ಸ್ವಲ್ಪ ಮಂಜು, ದೀಪದ ಸುತ್ತ ಬಣ್ಣದ ನೂಲು. ಮೊದಲ ವಾರ ನೆಲ ಓರೆಯಾದಂತೆ, ಮೆಟ್ಟಿಲು ಎದ್ದುಬಂದಂತೆ ಅನ್ನಿಸುತ್ತಿತ್ತು. ಆದರೂ ಹಾಕಿಕೊಂಡ ದಿನವೇ ಅಪ್ಪಯ್ಯನ ಕುತ್ತಿಗೆ ನೆಟ್ಟಗಾಯಿತು. ಮೂಗು, ಗಲ್ಲ, ಎದೆ ಒಂದೇ ಗೆರೆಯಲ್ಲಿ ಬಂದವು. ಎಷ್ಟೋ ದಿನಗಳ ಮೇಲೆ ಅವರು ನನ್ನನ್ನು ನೇರ ನೋಡಿದರು.

ಆರು ತಿಂಗಳು ಕಳೆಯುವಾಗ 20 ಇಳಿದು 8ಕ್ಕೆ ನಿಂತಿತು. ಮತ್ತೆ ಕಮ್ಮಿಯಾಗಲಿಲ್ಲ. ಆಗ ಗಾಜಿನಲ್ಲೇ ಕಡೆದ ಪ್ರಿಸಂ ಬಂತು. 8ನ್ನು ಎರಡು ಕಣ್ಣಿಗೂ ನಾಲ್ಕು ನಾಲ್ಕರಂತೆ ಹಂಚಿದ್ದರು. ವಾಲಿದ್ದು ಎಡಗಣ್ಣು, ಭಾರ ಹೊತ್ತದ್ದು ಎರಡೂ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂಬುದು ಇಲ್ಲಿಲ್ಲ. 50 ಮಿಲಿಮೀಟರ್ ಅಗಲದ ಸಾಧಾರಣ ಪ್ಲಾಸ್ಟಿಕ್ ಗಾಜಿಗೆ 4 ಪ್ರಿಸಂ ಡಯಾಪ್ಟರ್ ಎಂದರೆ ಎರಡು ಅಂಚುಗಳ ನಡುವೆ ಸುಮಾರು 4 ಮಿಲಿಮೀಟರ್ ವ್ಯತ್ಯಾಸ, ಒಂದು ಗೆರಟೆಯ ದಪ್ಪ. ಎದುರಿನಿಂದ ನೋಡಿದವರಿಗೆ ಅದು ಬರೀ ಕನ್ನಡಕ. ಕಿವಿಯ ಕಡೆಯ ಅಂಚಿಗೆ ಹೆಬ್ಬೆರಳು ಸವರಿದರೆ ಮಾತ್ರ ಅದರ ಕಸುಬು ತಿಳಿಯುತ್ತದೆ. ಗುದ್ದಲಿಯ ಕಾವು ಸಡಿಲವಾದಾಗ ಅಪ್ಪಯ್ಯ ಹೊಡೆಯುತ್ತಿದ್ದ ಬೆಣೆಯೂ ಹಾಗೆಯೇ, ಹೊರಗೆ ಕಾಣುತ್ತಿರಲಿಲ್ಲ.

ಆ ಬೇಸಿಗೆ ನೆರೆಮನೆಯಲ್ಲಿ ಮಂದಾರ್ತಿ ಯಕ್ಷಗಾನ ಮೇಳದ ಹರಕೆ ಆಟ. ನಾವು ಕೂತದ್ದು ರಂಗಸ್ಥಳದಿಂದ ಹತ್ತು ಮೀಟರ್ ದೂರದಲ್ಲಿ. ಅಷ್ಟು ದೂರಕ್ಕೆ 8 ಪ್ರಿಸಂ ಡಯಾಪ್ಟರ್ ಎಂದರೆ 80 ಸೆಂಟಿಮೀಟರ್. ಕನ್ನಡಕ ತೆಗೆದರೆ ಒಬ್ಬ ಅರ್ಜುನನ ಪಕ್ಕದಲ್ಲಿ ಇನ್ನೊಬ್ಬ ಅರ್ಜುನ, ಎರಡು ಬಿಲ್ಲು. ಚಂಡೆಯ ಪೆಟ್ಟು ಮಾತ್ರ ಒಂದೇ. ಅಪ್ಪಯ್ಯ ಒಮ್ಮೆ ಕನ್ನಡಕ ತೆಗೆದು ನೋಡಿದರು, ಬೈರಾಸಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ವೇಷ ಗಿರಗಿರನೆ ತಿರುಗುತ್ತಿತ್ತು. ತಿರುಗುವ ಒಬ್ಬನೇ ಒಬ್ಬ ಅರ್ಜುನನ ಮೇಲೆ ಅವರ ಎರಡು ಕಣ್ಣುಗಳೂ ನೆಟ್ಟಿದ್ದವು. ಬೆಳಗಿನ ಜಾವದ ತನಕ ಅವರು ಏಳಲಿಲ್ಲ.

ಪ್ರಿಸಂ ಎಲ್ಲರಿಗೂ ಒದಗುವುದಿಲ್ಲ. ಓರೆ ಹೆಚ್ಚಾದರೆ ಶಸ್ತ್ರಚಿಕಿತ್ಸೆಯೇ ದಾರಿ. ಮಕ್ಕಳ ಓರೆಗಣ್ಣಿನ ಕತೆ ಬೇರೆ. ಮಗುವಿನ ಮಿದುಳು ಎರಡನೆಯ ಚಿತ್ರವನ್ನು ಅಳಿಸಿಹಾಕುತ್ತದೆ, ಮಗು ದೂರುವುದಿಲ್ಲ, ಆ ಕಣ್ಣು ಮಂದವಾಗುತ್ತ ಹೋಗುತ್ತದೆ. ಓರೆಗಣ್ಣು ಅದೃಷ್ಟ ಎಂದು ಸುಮ್ಮನಿರದೆ ಬೇಗ ತೋರಿಸಬೇಕು. ದೊಡ್ಡವರಿಗೆ ಹಠಾತ್ತನೆ ಎರಡು ಕಂಡರೆ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವುದನ್ನು ಮುಚ್ಚಿದರೂ ಒಂದಾಗುವುದಾದರೆ ಕಣ್ಣುಗಳ ಜೋಡಿ ತಪ್ಪಿದೆ ಎಂದರ್ಥ. ನರದ, ಮಿದುಳಿನ ತೊಂದರೆಗೂ ಅದು ಮೊದಲ ಸುಳಿವಾಗಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಈ ಮಳೆಗಾಲದಲ್ಲಿ ತೋಡು ತುಂಬಿ ಹರಿಯುತ್ತಿದೆ. ಸಂಕದ ತುದಿಯಲ್ಲಿ ಅಪ್ಪಯ್ಯ ಈಗಲೂ ಒಂದು ಗಳಿಗೆ ನಿಲ್ಲುತ್ತಾರೆ. ಬೆರಳಿನಿಂದ ಕನ್ನಡಕವನ್ನು ಮೂಗಿನ ಮೇಲಕ್ಕೆ ಏರಿಸಿ ಆಚೆ ದಡವನ್ನು ನೋಡುತ್ತಾರೆ. ಆಮೇಲೆ ಕೊಡೆ ಮಡಚಿ ಕಂಕುಳಿಗೆ ಸಿಕ್ಕಿಸಿ, ಬಿದಿರಿನ ಗಳ ಮುಟ್ಟದೆ ನಡೆದುಹೋಗುತ್ತಾರೆ.