ಮನೆಯೊಳಗೆ ತಮಟೆಯ ಧ್ವನಿಮುದ್ರಣ

ಕನಕಪುರ ಸೀಮೆಯ ದೊಡ್ಡಆಲಹಳ್ಳಿಯಂಥ ಊರುಗಳಲ್ಲಿ ಪೂಜಾ ಕುಣಿತಕ್ಕೆ ಪ್ರಾಣಪ್ರಾಯವಾದ ತಮಟೆಯ ನಾದವನ್ನು ಒಂದೆರಡು ಮೈಕುಗಳಿಂದಲೇ ಮನೆಯೊಳಗೆ ಮುದ್ರಿಸಿಕೊಳ್ಳುವ ಕೌಶಲವು ನಿಜಕ್ಕೂ ಶ್ಲಾಘನೀಯವಾದುದು. ಹುಲ್ಲಿನ ಉರಿಗೆ ಹಿಡಿದು ಬಿಗಿಗೊಳಿಸಿದ ಚರ್ಮದ ಮೇಲೆ ದಪ್ಪ ಕೋಲಿನ ಗಂಭೀರ ಘಾತವೂ ಸಣ್ಣ ಕಡ್ಡಿಯ ಚುರುಕು ನುಡಿಯೂ ಬೇರೆಬೇರೆಯಾಗಿ ಕೇಳಿಬರಬೇಕಾದರೆ, ಮೈಕನ್ನು ವಾದ್ಯಕ್ಕೆ ತೀರ ಸಮೀಪದಲ್ಲಿಡದೆ ನಾಲ್ಕಾರು ಅಡಿ ದೂರದಲ್ಲಿರಿಸಿ, ಬರಿಗೋಡೆಗಳಿಗೆ ಕಂಬಳಿಗಳನ್ನು ಇಳಿಬಿಟ್ಟು ಮಾರ್ದನಿಯನ್ನು ತಗ್ಗಿಸಬೇಕು. ಎರಡು ಮೈಕುಗಳನ್ನು ಬಳಸುವಾಗ ಅವುಗಳ ದೂರವೂ ಮುಖ್ಯ; ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದರಿಂದ, ಉದಾಹರಣೆಗೆ ಡ್ರಮ್ ಸೆಟ್ಟಿನಲ್ಲಾದರೆ ಎರಡು ಮೈಕುಗಳನ್ನು ಸ್ನೇರ್ ಡ್ರಮ್ಮಿನಿಂದ ಸಮದೂರದಲ್ಲಿರಿಸಿದಾಗ ಅದರ ಪೆಟ್ಟು ಎರಡನ್ನೂ ಏಕಕಾಲದಲ್ಲಿ ಮುಟ್ಟಿ ತನ್ನ ಕಸುವನ್ನು ಉಳಿಸಿಕೊಳ್ಳುತ್ತದೆ. ಅತಿ ಜೋರಾದ ಪೆಟ್ಟಿಗೂ ದನಿಯೊಡೆಯದಂತೆ ಮುದ್ರಣದ ಮಟ್ಟವನ್ನು ಮೊದಲೇ ತಗ್ಗಿಸಿಟ್ಟು, ಕೇಳಿ, ಮೈಕನ್ನು ಸರಿಸಿ, ಮರಳಿ ಕೇಳುವ ಆ ತಾಳ್ಮೆಯೇ ಈ ಕಲೆಯ ಸಾರಸರ್ವಸ್ವವೆಂದು ನಾನು ಭಾವಿಸುತ್ತೇನೆ.